ಗೋಡೆಯಿಂದ ಗಣಕಕ್ಕೆ: ಒರಟು ಕುಂಚಾಕ್ಷರಗಳ ಪಯಣ

ನಂಜನಗೂಡು: ಹೆಮ್ಮರಗಾಲದ ಸಂತಾನ ವೇಣುಗೋಪಾಲಸ್ವಾಮಿಯ ದರ್ಶನಕ್ಕೆಂದು ನಂಜನಗೂಡಿನಿಂದ ಹೊರಡುವವರು ದಾರಿಯುದ್ದಕ್ಕೂ ಎರಡು ಬಗೆಯ ಅಕ್ಷರಗಳನ್ನು ಕಾಣುತ್ತಾರೆ. ಒಂದು, ಹುಟ್ಟುಹಬ್ಬದ ಶುಭಾಶಯದಿಂದ ಹಿಡಿದು ಶ್ರದ್ಧಾಂಜಲಿಯವರೆಗೆ ಎಲ್ಲವನ್ನೂ ಒಂದೇ ನುಣುಪಿನಲ್ಲಿ ಹೇಳುವ ಫ್ಲೆಕ್ಸ್ ಅಕ್ಷರ. ಮತ್ತೊಂದು, ಸುಣ್ಣದ ಗೋಡೆಯ ಮೇಲೆ, ಹಳೆಯ ಅಂಗಡಿಯ ತಗಡಿನ ಮೇಲೆ, ಮಳೆ ಬಿಸಿಲಿಗೆ ಸಿಕ್ಕಿ ಅರ್ಧ ಅಳಿಸಿಹೋದ ಕುಂಚದ ಅಕ್ಷರ. ಮೊದಲನೆಯದು ವಾರಕ್ಕೊಮ್ಮೆ ಬದಲಾಗುತ್ತದೆ. ಎರಡನೆಯದನ್ನು ಬರೆಯುವ ಕೈಗಳು ಕಡಿಮೆಯಾಗುತ್ತಿವೆ.

ವಿಚಿತ್ರವೆಂದರೆ, ಗೋಡೆಯಿಂದ ಮರೆಯಾಗುತ್ತಿರುವ ಈ ಅಕ್ಷರವೇ ಗಣಕದ ಪರದೆಯ ಮೇಲೆ ಇಂದು ಬೇಡಿಕೆಯ ಸರಕಾಗಿದೆ. ಚಲನಚಿತ್ರದ ಶೀರ್ಷಿಕೆ, ಕ್ರಿಕೆಟ್ ತಂಡದ ಅಂಗಿ, ಕಾಫಿಪುಡಿಯ ಪೊಟ್ಟಣ, ‘ನಾಟಿ ಶೈಲಿ’ಯ ಹೋಟೆಲಿನ ಫಲಕ, ಕಾದಂಬರಿಯ ಮುಖಪುಟ ಹೀಗೆ ಎಲ್ಲೆಡೆಯೂ ದಪ್ಪನೆಯ, ಅಂಚು ಹರಿದಂತಿರುವ, ಅಲ್ಲಲ್ಲಿ ಬಣ್ಣ ಉದುರಿದಂತೆ ತೋರುವ ಅಕ್ಷರಗಳು ಕಾಣಸಿಗುತ್ತವೆ. ಏನಿದು? ಇದನ್ನು ಹೇಗೆ ರೂಪಿಸುತ್ತಾರೆ? ಎಲ್ಲಿ ಬಳಸಬೇಕು, ಎಲ್ಲಿ ಬಳಸಬಾರದು? ಕನ್ನಡದಲ್ಲಿ ಇವು ಏಕೆ ವಿರಳ? ಈ ಪ್ರಶ್ನೆಗಳಿಗೆ ಉತ್ತರ ಹುಡುಕುವ ಪ್ರಯತ್ನ ಇಲ್ಲಿದೆ.

ಏನಿದು ಒರಟು ಕುಂಚಾಕ್ಷರ?

ಮುದ್ರಣದಲ್ಲಿ ಬಳಸುವ ಅಕ್ಷರ ಶೈಲಿಗಳನ್ನು ಸ್ಥೂಲವಾಗಿ ಎರಡು ಗುಂಪುಗಳಾಗಿ ವಿಂಗಡಿಸಬಹುದು. ಪುಟಗಟ್ಟಲೆ ಓದಿಸಿಕೊಳ್ಳುವ ಪಠ್ಯದ ಅಕ್ಷರ ಒಂದು. ನಾಲ್ಕಾರು ಪದಗಳಲ್ಲಿ ದಾರಿಹೋಕನ ಗಮನ ಸೆಳೆಯಬೇಕಾದ ಶೀರ್ಷಿಕೆಯ ಅಕ್ಷರ ಇನ್ನೊಂದು. ಪಠ್ಯದ ಅಕ್ಷರಕ್ಕೆ ತನ್ನ ಇರವನ್ನು ಮರೆಸುವುದೇ ಗುಣ. ಶೀರ್ಷಿಕೆಯ ಅಕ್ಷರಕ್ಕೆ ತನ್ನ ಇರವನ್ನು ಸಾರುವುದೇ ಕೆಲಸ. ಒರಟು ಕುಂಚಾಕ್ಷರ ಈ ಎರಡನೆಯ ಗುಂಪಿಗೆ ಸೇರಿದ್ದು.

ಇದರ ಲಕ್ಷಣಗಳು ಮೂರು. ಗೆರೆ ದಪ್ಪವಾಗಿರುತ್ತದೆ. ಆ ಗೆರೆಯಲ್ಲಿ ಕುಂಚದ ಚಲನೆ ಕಾಣುತ್ತದೆ, ಅಂದರೆ ಎಲ್ಲಿ ಒತ್ತಿ ಆರಂಭಿಸಿದರು, ಎಲ್ಲಿ ಎತ್ತಿ ಮುಗಿಸಿದರು ಎಂಬುದು ತಿಳಿಯುತ್ತದೆ. ಮೂರನೆಯದಾಗಿ, ಮೇಲ್ಮೈ ಅಖಂಡವಾಗಿರದೆ ಸವೆದಂತೆ, ಬಿರುಕು ಬಿಟ್ಟಂತೆ ಇರುತ್ತದೆ.

ಈ ಸವೆತಕ್ಕೆ ಮೂಲವಾದ ಎರಡು ಸಂಗತಿಗಳನ್ನು ಬೇರ್ಪಡಿಸಿ ನೋಡಬೇಕು. ಕುಂಚದಲ್ಲಿ ಬಣ್ಣ ಕಡಿಮೆಯಾದಾಗ ಕೂದಲುಗಳು ಕವಲೊಡೆದು ಗೆರೆಯ ನಡುವೆ ಬಿಳಿಯ ಎಳೆಗಳು ಮೂಡುತ್ತವೆ. ಇದು ಬರೆಯುವ ಕ್ಷಣದಲ್ಲಿಯೇ ಹುಟ್ಟುವ ಒರಟುತನ, ವೇಗದ ಗುರುತು. ಚೀನಾದ ಲಿಪಿಕಾರರು ಇದನ್ನು ‘ಹಾರುವ ಬಿಳುಪು’ ಎಂಬರ್ಥದ ‘ಫೈಬಾಯ್’ ಎಂಬ ಹೆಸರಿನಿಂದ ಕರೆದು ಶತಮಾನಗಳ ಕಾಲ ಸಾಧನೆ ಮಾಡಿದ್ದಾರೆ. ಎರಡನೆಯದು, ಬರೆದಾದ ಮೇಲೆ ಕಾಲ ಮಾಡುವ ಕೆಲಸ. ಗಾರೆ ಉದುರುತ್ತದೆ, ಬಣ್ಣ ಸಿಪ್ಪೆ ಏಳುತ್ತದೆ, ಕಲ್ಲು ಸವೆಯುತ್ತದೆ. ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ತಾಲ್ಲೂಕುಗಳ ಶಾಸನಗಳನ್ನು ಬಿ.ಎಲ್. ರೈಸ್ ಅವರು 1894ರಲ್ಲಿ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಮೂರನೆಯ ಸಂಪುಟದಲ್ಲಿ ಪ್ರಕಟಿಸಿದರು. ಅಂಥ ಶಾಸನಗಳ ಮುಂದೆ ನಿಂತವರಿಗೆ ಸವೆದ ಅಕ್ಷರಕ್ಕಿರುವ ಗಾಂಭೀರ್ಯವನ್ನು ಬೇರೆಯಾಗಿ ವಿವರಿಸಬೇಕಿಲ್ಲ. ಮೊದಲ ಬಗೆಯ ಒರಟುತನ ಆವೇಶವನ್ನು ಸೂಚಿಸಿದರೆ, ಎರಡನೆಯದು ಹಳಮೆಯನ್ನು ಸೂಚಿಸುತ್ತದೆ. ಎರಡರ ವ್ಯತ್ಯಾಸವರಿಯದೆ ಕಲಸಿದಾಗಲೇ ವಿನ್ಯಾಸ ಕೆಡುವುದು.

ಪಶ್ಚಿಮದಲ್ಲಿ ನಡೆದದ್ದು

ಕುಂಚದ ಬರವಣಿಗೆಯನ್ನು ಅಚ್ಚಿನ ಮೊಳೆಗಿಳಿಸುವ ಪ್ರಯತ್ನ ಗಣಕಕ್ಕಿಂತ ಹಳೆಯದು. ಅಮೆರಿಕನ್ ಟೈಪ್ ಫೌಂಡರ್ಸ್ ಸಂಸ್ಥೆಗಾಗಿ ರಾಬರ್ಟ್ ಇ. ಸ್ಮಿತ್ 1942ರಲ್ಲಿ ‘ಬ್ರಷ್ ಸ್ಕ್ರಿಪ್ಟ್’ ರೂಪಿಸಿದರು. ಫ್ರಾನ್ಸಿನ ರೋಜೆ ಎಕ್ಸ್‌ಕೊಫೊನ್ 1953ರಲ್ಲಿ ‘ಮಿಸ್ಟ್ರಾಲ್’, 1955ರಲ್ಲಿ ಇನ್ನಷ್ಟು ದಪ್ಪನೆಯ ‘ಷಾಕ್’ ಅಕ್ಷರಗಳನ್ನು ತಂದರು. ಇವೆಲ್ಲ ಕುಂಚದ ಓಟವನ್ನು ಹಿಡಿದವಾದರೂ ಅಂಚುಗಳು ನುಣುಪಾಗಿಯೇ ಇದ್ದವು. ಸೀಸದ ಮೊಳೆಯಲ್ಲಿ ಕೂದಲೆಳೆಯಷ್ಟು ಸೂಕ್ಷ್ಮವಾದ ಬಿರುಕನ್ನು ಎರಕ ಹೊಯ್ಯುವುದು, ಹೊಯ್ದರೂ ಉಳಿಸಿಕೊಳ್ಳುವುದು ಸುಲಭವಾಗಿರಲಿಲ್ಲ.

ಆ ಮಿತಿಯನ್ನು ತೊಡೆದದ್ದು ಗಣಕ. ಡಚ್ ವಿನ್ಯಾಸಕ ಎರಿಕ್ ವಾನ್ ಬ್ಲೊಕ್‌ಲ್ಯಾಂಡ್ 1991ರಲ್ಲಿ ಹಳೆಯ ಬೆರಳಚ್ಚು ಯಂತ್ರದ ಮಸಿ ಹರಡಿದ ಅಕ್ಷರಗಳನ್ನು ಹಾಗೆಯೇ ಹಿಡಿದು ‘ಟ್ರಿಕ್ಸಿ’ ರೂಪಿಸಿದರು. ಅಮೆರಿಕದಲ್ಲಿ ಡೇವಿಡ್ ಕಾರ್ಸನ್ 1992ರಲ್ಲಿ ಆರಂಭವಾದ ‘ರೇ ಗನ್’ ಸಂಗೀತ ಪತ್ರಿಕೆಯ ಪುಟಗಳಲ್ಲಿ ಅಕ್ಷರಗಳನ್ನು ಹರಿದು, ಒಂದರ ಮೇಲೊಂದು ಹೇರಿ ಹೊಸದೊಂದು ರೂಢಿಯನ್ನೇ ಹುಟ್ಟುಹಾಕಿದರು. ಎಲ್ಲವನ್ನೂ ನೇರವಾಗಿ, ನುಣುಪಾಗಿ ಮಾಡಬಲ್ಲ ಯಂತ್ರ ಮನೆಮನೆಗೆ ಬಂದ ಹೊತ್ತಿನಲ್ಲೇ ಅಂಕುಡೊಂಕಿನ ಮೇಲೆ ಜನರಿಗೆ ಮೋಹ ಹುಟ್ಟಿದ್ದು ಆಕಸ್ಮಿಕವೇನಲ್ಲ.

ನಮ್ಮ ಗೋಡೆಗಳ ಚರಿತ್ರೆ

ಕನ್ನಡದಲ್ಲಿ ಕೈಬರಹಕ್ಕೂ ಮುದ್ರಣಕ್ಕೂ ಇರುವ ನಂಟು ಆರಂಭದಿಂದಲೇ ಗಟ್ಟಿಯಾದದ್ದು. ಹರ್ಮನ್ ಮೋಗ್ಲಿಂಗ್ 1843ರಲ್ಲಿ ಹೊರತಂದ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಮೊಳೆ ಜೋಡಿಸಿ ಅಚ್ಚಾದದ್ದಲ್ಲ, ಕಲ್ಲಚ್ಚಿನಲ್ಲಿ ಮುದ್ರಿತವಾದದ್ದು. ಅಂದರೆ ಕನ್ನಡಿಗರು ಓದಿದ ಮೊದಲ ಪತ್ರಿಕೆಯ ಅಕ್ಷರಗಳು ಕೈಯಿಂದ ಮೂಡಿದವು. ಮುಂದೆ ಪಠ್ಯವೆಲ್ಲ ಮೊಳೆಗೆ ಇಳಿದರೂ ಪುಸ್ತಕದ ಮುಖಪುಟ, ವಾರಪತ್ರಿಕೆಗಳ ಕಥೆಯ ಶೀರ್ಷಿಕೆ, ಚಲನಚಿತ್ರದ ಭಿತ್ತಿಪತ್ರಗಳನ್ನು ಹಲವು ದಶಕಗಳ ಕಾಲ ಕಲಾವಿದರು ಕೈಯಲ್ಲೇ ಬರೆದರು. ಮೊಳೆಯ ಪೆಟ್ಟಿಗೆಯಲ್ಲಿ ದೊಡ್ಡ ಗಾತ್ರದ ಕನ್ನಡ ಅಕ್ಷರಗಳ ಆಯ್ಕೆ ಕಡಿಮೆಯಿದ್ದುದೇ ಇದಕ್ಕೆ ಒಂದು ಕಾರಣ. ಆ ಕೊರತೆಯೇ ಕನ್ನಡಕ್ಕೆ ನೂರಾರು ಬಗೆಯ ಶೀರ್ಷಿಕೆಗಳನ್ನು ಕೊಟ್ಟಿತು.

ಇನ್ನು ಗೋಡೆ. ಎಪ್ಪತ್ತು ಮತ್ತು ಎಂಬತ್ತರ ದಶಕಗಳ ಕರ್ನಾಟಕದಲ್ಲಿ ಗೋಡೆ ಬರಹವೆಂಬುದು ಬಡವರ ಪತ್ರಿಕೆಯಾಗಿತ್ತು. ದಲಿತ ಚಳವಳಿ, 1980ರಲ್ಲಿ ರೂಪುಗೊಂಡ ರೈತ ಸಂಘ, 1982ರ ಗೋಕಾಕ್ ಚಳವಳಿ ಇವೆಲ್ಲ ಜನರನ್ನು ತಲುಪಿದ್ದರಲ್ಲಿ ಕೆಮ್ಮಣ್ಣು, ಸುಣ್ಣ, ನೀಲಿಗಳ ಪಾಲೂ ಇದೆ. ಅಪ್ಪಣೆಯಿಲ್ಲದೆ ಅಧಿಕಾರಿಗಳು ಊರೊಳಗೆ ಬರಕೂಡದೆಂದು ಹಳ್ಳಿಗಳ ಹೆಬ್ಬಾಗಿಲಲ್ಲಿ ರೈತ ಸಂಘದವರು ನೆಟ್ಟ ಫಲಕಗಳು ಆ ಕಾಲದ ನೆನಪಿನಲ್ಲಿ ಉಳಿದಿವೆ. ರಾತ್ರೋರಾತ್ರಿ, ಕೈಗೆ ಸಿಕ್ಕ ಕುಂಚದಿಂದ, ಒರಟು ಗೋಡೆಯ ಮೇಲೆ ಅವಸರದಲ್ಲಿ ಬರೆದಾಗ ಮೂಡುತ್ತಿದ್ದ ಅಕ್ಷರಕ್ಕೆ ಒರಟುತನ ತಾನಾಗಿ ಬರುತ್ತಿತ್ತು. ಅದು ಯಾರೂ ಬಯಸಿ ತಂದ ಶೈಲಿಯಲ್ಲ. ಇಂದು ಹೋರಾಟದ ಕಥೆಯುಳ್ಳ ಚಿತ್ರಕ್ಕೆ ವಿನ್ಯಾಸಕರು ಇದೇ ಬಗೆಯ ಅಕ್ಷರವನ್ನು ಅರಸುವುದು ಆ ನೆನಪಿನ ಬಲದಿಂದಲೇ.

ವೃತ್ತಿನಿರತ ಫಲಕ ಬರಹಗಾರರ ಹಾದಿ ಬೇರೆ. ಅವರಿಗೆ ಒರಟುತನ ದೋಷ. ಸುಣ್ಣದ ಪುಡಿ ಸವರಿದ ದಾರ ಎಳೆದು ಗೆರೆ ಹೊಡೆದುಕೊಂಡು, ಸೀಮೆಸುಣ್ಣದಲ್ಲಿ ಅಕ್ಷರದ ಅಂದಾಜು ಗುರುತಿಸಿ, ಕೈ ನಡುಗದಂತೆ ಕೋಲಿನ ಆಸರೆ ಪಡೆದು, ಚಪ್ಪಟೆ ಕುಂಚದಿಂದ ತುಂಬುತ್ತಾ ಹೋಗುವುದು ಅವರ ಕ್ರಮ. ಫಲಕದ ಮೂಲೆಯಲ್ಲಿ ಸಣ್ಣದಾಗಿ ತಮ್ಮ ಹೆಸರಿನ ಮುಂದೆ ‘ಆರ್ಟ್ಸ್’ ಎಂದು ಸೇರಿಸಿ ಬರೆದುಕೊಳ್ಳುತ್ತಿದ್ದುದಷ್ಟೇ ಅವರ ಜಾಹೀರಾತು. ಜಾತ್ರೆ, ಚುನಾವಣೆ, ಹೊಸ ಅಂಗಡಿಯ ಆರಂಭ ಇವು ದುಡಿಮೆಯ ಕಾಲ. ನಂಜನಗೂಡಿನ ದೊಡ್ಡ ಜಾತ್ರೆಯಂಥ ಸಂದರ್ಭಗಳಲ್ಲಿ ಬಟ್ಟೆಯ ಬ್ಯಾನರುಗಳನ್ನು ಬರೆದು ಒಣಹಾಕುತ್ತಿದ್ದ ಕಾಲವನ್ನು ನಡುವಯಸ್ಸಿನವರೆಲ್ಲ ಕಂಡಿದ್ದಾರೆ.

ಈ ಕಸುಬಿಗೆ ಪೆಟ್ಟು ಎರಡು ಕಡೆಯಿಂದ ಬಿತ್ತು. ತೆರೆದ ಸ್ಥಳಗಳ ವಿರೂಪ ತಡೆಗೆ ರಾಜ್ಯದಲ್ಲಿ 1981ರಲ್ಲೇ ಕಾನೂನು ಬಂದಿತ್ತಾದರೂ, ಟಿ.ಎನ್. ಶೇಷನ್ ಮುಖ್ಯ ಚುನಾವಣಾ ಆಯುಕ್ತರಾಗಿದ್ದ ತೊಂಬತ್ತರ ದಶಕದಲ್ಲಿ ಚುನಾವಣಾ ಗೋಡೆ ಬರಹಕ್ಕೆ ಬಿಗಿಯಾದ ಕಡಿವಾಣ ಬಿತ್ತು. ಅದರ ಬೆನ್ನಿಗೇ ಫ್ಲೆಕ್ಸ್ ಮುದ್ರಣ ಯಂತ್ರಗಳು ತಾಲ್ಲೂಕು ಕೇಂದ್ರಗಳಿಗೂ ಬಂದವು. ಒಂದು ದಿನದ ಕೆಲಸ ಒಂದು ಗಂಟೆಗೆ ಇಳಿಯಿತು.

ಅಕ್ಷರಕ್ಕೆ ಕನ್ನಡದ ಕಷ್ಟ

ಇಂಗ್ಲಿಷಿನಲ್ಲಿ ಒರಟು ಕುಂಚಾಕ್ಷರದ ಶೈಲಿಗಳು ಲೆಕ್ಕವಿಲ್ಲದಷ್ಟು ದೊರೆಯುತ್ತವೆ. ಕನ್ನಡದಲ್ಲಿ ಬೆರಳೆಣಿಕೆಯಷ್ಟಾದರೂ ಸಿಕ್ಕುವುದು ಕಷ್ಟ. ಕಾರಣ ವಿನ್ಯಾಸಕರ ಉದಾಸೀನವಷ್ಟೇ ಅಲ್ಲ, ಲಿಪಿಯ ಸ್ವರೂಪವೂ ಹೌದು.

ಇಂಗ್ಲಿಷಿನ ಶೀರ್ಷಿಕೆ ಶೈಲಿಗೆ 26 ದೊಡ್ಡಕ್ಷರ, ಅಂಕಿ ಮತ್ತು ಕೆಲವು ಚಿಹ್ನೆಗಳಿದ್ದರೆ ಕೆಲಸ ನಡೆಯುತ್ತದೆ. ಕನ್ನಡದಲ್ಲಿ 34 ವ್ಯಂಜನಗಳಿವೆ. 13 ಸ್ವರಗಳೊಡನೆ ಇವುಗಳ ಗುಣಿತವೇ 442 ರೂಪಗಳಾಗುತ್ತದೆ. ಪ್ರತಿ ವ್ಯಂಜನಕ್ಕೂ ಒತ್ತಕ್ಷರ ಬೇರೆ. ನುಣುಪಾದ ಅಕ್ಷರ ಶೈಲಿಯಲ್ಲಿ ತಲೆಕಟ್ಟು, ಕೊಂಬು, ದೀರ್ಘಗಳನ್ನು ಬಿಡಿಭಾಗಗಳಂತೆ ಜೋಡಿಸಿ ಕೆಲಸ ಹಗುರ ಮಾಡಿಕೊಳ್ಳಬಹುದು. ಕುಂಚದ ಅಕ್ಷರದಲ್ಲಿ ಹಾಗಾಗದು. ‘ಕ’ಕ್ಕೆ ಗುಡಿಸು ಕೊಟ್ಟು ‘ಕಿ’ ಮಾಡಿದಾಗ ತಲೆಕಟ್ಟಿನ ಜಾಗದಲ್ಲಿ ಗೆರೆ ಸುತ್ತಿಕೊಂಡು ಮೇಲೇಳುತ್ತದೆ. ಕುಂಚದ ಎಳೆಗಳೂ ಅದೇ ದಿಕ್ಕಿನಲ್ಲಿ ಸುತ್ತಬೇಕು. ಬಿಡಿಭಾಗ ಅಂಟಿಸಿದರೆ ಎಳೆಗಳು ಅಡ್ಡಾದಿಡ್ಡಿ ಸೇರಿ ತೇಪೆ ಎದ್ದು ಕಾಣುತ್ತದೆ.

ಎರಡನೆಯ ಕಷ್ಟ ಎತ್ತರದ್ದು. ಇಂಗ್ಲಿಷಿನ ದೊಡ್ಡಕ್ಷರಗಳು ಇಟ್ಟಿಗೆಯಂತೆ ಒಂದೇ ಎತ್ತರದಲ್ಲಿ ಕೂರುತ್ತವೆ. ‘ರಾಷ್ಟ್ರೀಯ’, ‘ಸ್ವಾತಂತ್ರ್ಯ’ ಎಂದು ಬರೆದು ನೋಡಿ. ಮೇಲೆ ಗುಡಿಸು, ಕೆಳಗೆ ಎರಡೆರಡು ಒತ್ತುಗಳು. ದಪ್ಪ ಕುಂಚದಲ್ಲಿ ಇಷ್ಟನ್ನೂ ಹಿಡಿಸಬೇಕಾದರೆ ಒತ್ತಕ್ಷರವನ್ನು ಕಿರಿದುಗೊಳಿಸಬೇಕು. ಕಿರಿದುಗೊಳಿಸಿದರೆ ಒಳಗಿನ ಖಾಲಿ ಜಾಗ ಮುಚ್ಚಿಹೋಗಿ ಅದು ಮಸಿಯ ಮುದ್ದೆಯಾಗುತ್ತದೆ.

ಮೂರನೆಯದು ಅತಿ ಮುಖ್ಯವಾದದ್ದು. ಕನ್ನಡದ ಹಲವು ಅಕ್ಷರಗಳ ನಡುವಿನ ವ್ಯತ್ಯಾಸ ಒಂದು ಸಣ್ಣ ಗೀಟಿನಲ್ಲಿದೆ. ಶಾಲೆಯಲ್ಲಿ ಮೇಷ್ಟ್ರು ‘ಹೊಟ್ಟೆ ಸೀಳು’ ಎಂದು ಹೇಳಿಕೊಟ್ಟ ಮಹಾಪ್ರಾಣದ ಗುರುತನ್ನೇ ನೋಡಿ. ಸವೆದಂತೆ ಕಾಣಲೆಂದು ಅಕ್ಷರದ ಕೆಳಭಾಗ ಕೆರೆದಾಗ ಆ ಸೀಳು ಅಳಿಸಿಹೋದರೆ ‘ಧನ’ ಹೋಗಿ ‘ದನ’ ಬರುತ್ತದೆ! ‘ಠ’ದ ನಡುವಿನ ಚುಕ್ಕೆ ಉದುರಿದರೆ ಅದು ‘ರ’ದಂತಾಗುತ್ತದೆ. ದಪ್ಪ ಗೆರೆಯಿಂದ ‘ಪ’ದ ತೆರಪು ತುಂಬಿಕೊಂಡರೆ ‘ಪರ’ ಎಂಬುದನ್ನು ‘ವರ’ ಎಂದು ಓದುವ ಅಪಾಯವಿದೆ. ಇಂಗ್ಲಿಷಿನಲ್ಲಿ ಬಿರುಕು ಎಲ್ಲಿ ಬಿದ್ದರೂ ಹೆಚ್ಚಿನ ಸಂದರ್ಭಗಳಲ್ಲಿ ಓದಿಗೆ ತೊಡಕಿಲ್ಲ. ಕನ್ನಡದಲ್ಲಿ ಬಿರುಕಿಗೂ ಕಾಗುಣಿತ ಗೊತ್ತಿರಬೇಕು.

ರೂಪಿಸುವುದು ಹೇಗೆ?

ಮೊದಲ ಹಂತ ಕಾಗದದ ಮೇಲೆಯೇ. ದಪ್ಪ ಕಾಗದ, ಚಪ್ಪಟೆ ಕುಂಚ, ಹದವಾಗಿ ಗಟ್ಟಿಯಾದ ಬಣ್ಣ ಬಳಸಿ ಪ್ರತಿ ಅಕ್ಷರವನ್ನೂ ಹಲವು ಬಾರಿ ಬರೆಯಲಾಗುತ್ತದೆ. ಚೆನ್ನಾಗಿ ಬಂದವುಗಳನ್ನು ಆರಿಸಿ, ಸ್ಕ್ಯಾನ್ ಮಾಡಿ, ಗಣಕದಲ್ಲಿ ಅಂಚುಗಳನ್ನು ರೇಖೆಗಳಾಗಿ ಪರಿವರ್ತಿಸಲಾಗುತ್ತದೆ. ಇಲ್ಲೊಂದು ತೊಡಕಿದೆ. ನುಣುಪಾದ ಅಕ್ಷರವೊಂದಕ್ಕೆ ಕೆಲವು ಹತ್ತು ಬಿಂದುಗಳು ಸಾಕಾದರೆ, ಹರಿದ ಅಂಚಿಗೆ ಸಾವಿರಾರು ಬಿಂದುಗಳು ಬೇಕಾಗಬಹುದು. ಕಡತದ ತೂಕ ಏರಿ ಮುದ್ರಣ ಯಂತ್ರ ತಿಣುಕುತ್ತದೆ. ಆದ್ದರಿಂದ ಕಣ್ಣಿಗೆ ಕಾಣದ ಸಣ್ಣ ಚೂರುಗಳನ್ನು ತೆಗೆದು, ಕಾಣುವ ಬಿರುಕುಗಳನ್ನಷ್ಟೇ ಉಳಿಸಿಕೊಳ್ಳುವ ಸಾಣೆ ಹಿಡಿಯುವ ಕೆಲಸ ಬಹಳ ದಿನ ಹಿಡಿಯುತ್ತದೆ.

ಮತ್ತೊಂದು ಸೂಕ್ಷ್ಮ. ‘ಮಮತಾ’ ಎಂದು ಕೀಲಿಸಿದಾಗ ಎರಡೂ ‘ಮ’ಗಳ ಮೇಲೆ ಒಂದೇ ಜಾಗದಲ್ಲಿ ಒಂದೇ ಆಕಾರದ ಗೀರು ಕಂಡರೆ ಕೈಬರಹದ ಭ್ರಮೆ ಅಲ್ಲಿಗೇ ಮುಗಿಯಿತು. ಹಾಗಾಗಿ ಹೆಚ್ಚು ಬಳಕೆಯ ಅಕ್ಷರಗಳಿಗೆ ಎರಡು ಮೂರು ಪರ್ಯಾಯ ರೂಪಗಳನ್ನಿಟ್ಟು, ಒಂದೇ ಅಕ್ಷರ ಹತ್ತಿರ ಹತ್ತಿರ ಬಂದಾಗ ತಾನಾಗಿ ರೂಪ ಬದಲಾಗುವಂತೆ ಓಪನ್‌ಟೈಪ್ ತಂತ್ರಜ್ಞಾನದಲ್ಲಿ ಸೂಚನೆ ಬರೆಯಲಾಗುತ್ತದೆ. 442 ಗುಣಿತಾಕ್ಷರಗಳ ಲಿಪಿಗೆ ಈ ಪರ್ಯಾಯಗಳನ್ನೂ ಸೇರಿಸಿದರೆ ಶ್ರಮ ಎಷ್ಟೆಂಬುದನ್ನು ಊಹಿಸಬಹುದು.

ಆದರೂ ಕನ್ನಡದಲ್ಲಿ ಕೆಲಸ ನಡೆದೇ ಇಲ್ಲವೆಂದಲ್ಲ. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ, 1998ರಲ್ಲಿ ಬಂದ ‘ಬರಹ’, ಕನ್ನಡ ಗಣಕ ಪರಿಷತ್ತಿನ ‘ನುಡಿ’ ಇವು ಕನ್ನಡವನ್ನು ಗಣಕದಲ್ಲಿ ಬರೆಯುವುದನ್ನು ಸಾಧ್ಯವಾಗಿಸಿದವು. ಶ್ರೀಲಿಪಿ, ಆಕೃತಿಯಂಥ ತಂತ್ರಾಂಶಗಳು ಡಿಟಿಪಿ ಅಂಗಡಿಗಳಿಗೆ ಶೀರ್ಷಿಕೆ ಅಕ್ಷರಗಳನ್ನು ಒದಗಿಸಿದವು. ಯೂನಿಕೋಡ್ ಬಂದ ಮೇಲೆ ಮುಂಬೈಯ ‘ಏಕ್ ಟೈಪ್’ ಬಳಗ ‘ಬಲೂ ತಮ್ಮ’ ಎಂಬ ದಪ್ಪನೆಯ, ಗುಂಡಾದ ಶೀರ್ಷಿಕೆ ಅಕ್ಷರವನ್ನು ಉಚಿತವಾಗಿ ನೀಡಿತು. ವೈಷ್ಣವಿ ಮೂರ್ತಿ ಮತ್ತು ಹುವಾನ್ ಲೂಯಿಸ್ ಬ್ಲಾಂಕೊ ರೂಪಿಸಿದ ‘ಅಕಾಯ ಕನಡಕ’ದಲ್ಲಿ ಕೈಬರಹದ ಬಳುಕು ಚೆನ್ನಾಗಿ ಮೂಡಿದೆ. ಇವೆರಡೂ ಮುಕ್ತ ಪರವಾನಗಿಯಲ್ಲಿ ಲಭ್ಯ. ಆದರೆ ದಪ್ಪ, ಕುಂಚ, ಸವೆತ ಈ ಮೂರೂ ಒಟ್ಟಿಗೆ ಬೇಕೆನ್ನುವವರು ಇಂದಿಗೂ ಬಹುತೇಕ ಕಲಾವಿದರ ಕೈಯನ್ನೇ ಆಶ್ರಯಿಸಬೇಕಾಗಿದೆ.

ಎಲ್ಲಿ ಸೈ, ಎಲ್ಲಿ ಸಲ್ಲ?

ಭಿತ್ತಿಪತ್ರ, ಮುಖಪುಟ, ನಾಟಕದ ಪ್ರಚಾರ, ಅಂಗಿಯ ಮೇಲಿನ ಮುದ್ರಣ, ತಿನಿಸಿನ ಪೊಟ್ಟಣ, ಆಟದ ತಂಡದ ಲಾಂಛನ ಇವು ಒರಟು ಕುಂಚಾಕ್ಷರಕ್ಕೆ ಒಗ್ಗುವ ಜಾಗಗಳು. ಇವೆಲ್ಲದರಲ್ಲೂ ಪದಗಳು ಕಡಿಮೆ, ಗಾತ್ರ ದೊಡ್ಡದು, ಭಾವ ಮುಖ್ಯ. ಹೆಸರೊಂದನ್ನು ಕುಂಚದಲ್ಲಿ ಬರೆದು ಉಳಿದ ವಿವರಗಳನ್ನು, ಅಂದರೆ ದಿನಾಂಕ, ಸ್ಥಳ, ದರಗಳನ್ನು ಸರಳವಾದ ಅಕ್ಷರದಲ್ಲಿ ಕೊಡುವುದು ಬಲ್ಲವರ ಕ್ರಮ. ಎರಡೂ ಒರಟಾದರೆ ಎರಡೂ ಕೂಗುತ್ತವೆ, ಯಾವುದೂ ಕೇಳಿಸುವುದಿಲ್ಲ.

ಔಷಧದ ಚೀಟಿ, ದಾರಿ ಸೂಚಕ ಫಲಕ, ಅಪಾಯದ ಎಚ್ಚರಿಕೆ, ಅರ್ಜಿ ನಮೂನೆ, ದೂರವಾಣಿ ಸಂಖ್ಯೆ ಇಲ್ಲೆಲ್ಲ ಇದು ಸರ್ವಥಾ ಸಲ್ಲದು. ಸಣ್ಣ ಗಾತ್ರದಲ್ಲಿ ಬಳಸಿದರೆ ಬಿರುಕುಗಳು ಕೊಳೆಯಂತೆ ಕಾಣುತ್ತವೆ. ಚಿತ್ರದ ಮೇಲೆ ನೇರವಾಗಿ ಕೂರಿಸಿದರೆ ಬಿರುಕಿನ ಸಂದಿಯಲ್ಲಿ ಹಿನ್ನೆಲೆ ಇಣುಕಿ ಓದು ಕೆಡುತ್ತದೆ. ಒಂದೇ ಬಣ್ಣದ ಹಿನ್ನೆಲೆ ಒಳ್ಳೆಯದು. ಅಚ್ಚಿಗೆ ಕಳುಹಿಸುವ ಮುನ್ನ ಮಾದರಿಯನ್ನು ಗೋಡೆಗೆ ಅಂಟಿಸಿ ಹತ್ತಡಿ ದೂರದಿಂದ, ವಿಷಯ ತಿಳಿಯದ ಒಬ್ಬರಿಂದ ಓದಿಸಿ ನೋಡುವುದಕ್ಕಿಂತ ಉತ್ತಮ ಪರೀಕ್ಷೆ ಇನ್ನೊಂದಿಲ್ಲ.

ಅಚ್ಚಿನ ಅಂಗಡಿಗಳಲ್ಲಿ ನಿತ್ಯವೂ ನಡೆಯುವ ಎರಡು ತಪ್ಪುಗಳನ್ನು ಇಲ್ಲಿ ಹೇಳಲೇಬೇಕು. ಒಂದು, ತೆಳ್ಳನೆಯ ಪಠ್ಯದ ಅಕ್ಷರವನ್ನೇ ಎಳೆದು, ಸುತ್ತ ಗೆರೆ ಕಟ್ಟಿ ದಪ್ಪ ಮಾಡುವುದು. ಇದರಿಂದ ಅಕ್ಷರದೊಳಗಿನ ತೆರಪು ಮುಚ್ಚಿ ಓದು ಕೆಡುತ್ತದೆ. ಎರಡು, ಫೋಟೋಶಾಪ್, ಇಲಸ್ಟ್ರೇಟರ್ ತಂತ್ರಾಂಶಗಳಲ್ಲಿ ಭಾರತೀಯ ಭಾಷೆಗಳಿಗೆ ಹೊಂದುವ ಪಠ್ಯ ಜೋಡಣೆಯ ಆಯ್ಕೆಯನ್ನು ಮಾಡದೆ ಯೂನಿಕೋಡ್ ಅಕ್ಷರ ಬಳಸುವುದು. ಆಗ ಒತ್ತಕ್ಷರ ಕೆಳಗಿಳಿಯದೆ ‘ಕನ್ನಡ’ವು ‘ಕನ್‌ನಡ’ ಆಗಿ ಒಡೆದು ನಿಲ್ಲುತ್ತದೆ. ಸಾವಿರಾರು ರೂಪಾಯಿ ವ್ಯಯಿಸಿ ಮುದ್ರಿಸಿದ ಫಲಕಗಳಲ್ಲೂ ಈ ದೋಷ ಕಾಣುವುದುಂಟು. ಅಕ್ಷರ ಸವೆದಂತಿರಬೇಕೇ ಹೊರತು ಭಾಷೆ ಮುರಿದಂತಿರಬಾರದು.

ಪರವಾನಗಿಯ ಪ್ರಶ್ನೆಯೂ ಇದೆ. ಅಂತರಜಾಲದಲ್ಲಿ ಉಚಿತವಾಗಿ ಸಿಗುವ ಹಲವು ಶೈಲಿಗಳು ಸ್ವಂತ ಬಳಕೆಗೆ ಮಾತ್ರ ಉಚಿತ. ಅಂಗಡಿಯ ಫಲಕಕ್ಕೋ ಮಾರಾಟದ ಪೊಟ್ಟಣಕ್ಕೋ ಬಳಸುವ ಮುನ್ನ ಶರತ್ತುಗಳನ್ನು ಓದಿಕೊಳ್ಳುವುದು ಕ್ಷೇಮ.

ಕಾನೂನು ತೆರೆದ ಬಾಗಿಲು

ಈ ಚರ್ಚೆಗೆ ಇಂದು ಮಹತ್ವ ಬರಲು ಎರಡು ಕಾರಣಗಳಿವೆ. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಗೆ 2024ರಲ್ಲಿ ಬಂದ ತಿದ್ದುಪಡಿಯ ಪ್ರಕಾರ ವಾಣಿಜ್ಯ ಮಳಿಗೆಗಳ ನಾಮಫಲಕದಲ್ಲಿ ಶೇ 60ರಷ್ಟು ಭಾಗ ಕನ್ನಡವಿರಬೇಕು, ಅದೂ ಮೇಲ್ಭಾಗದಲ್ಲಿ. ಇಂಗ್ಲಿಷ್ ಹೆಸರನ್ನು ಒಂದು ನಿರ್ದಿಷ್ಟ ಕುಂಚಶೈಲಿಯಲ್ಲಿ ಬರೆಸಿದ ಮಳಿಗೆಗಳು ಕನ್ನಡಕ್ಕೆ ಹೊಂದುವ ಅಕ್ಷರ ಸಿಗದೆ ಯಾವುದೋ ಸಪ್ಪೆ ಅಕ್ಷರವನ್ನು ತಂದು ಕೂರಿಸುತ್ತಿವೆ. ಅಳತೆಪಟ್ಟಿ ಹಿಡಿದು ನೋಡಿದರೆ ಕನ್ನಡ ಶೇ 60 ಇರುತ್ತದೆ. ಕಣ್ಣು ಮಾತ್ರ ಇಂಗ್ಲಿಷಿನ ಕಡೆಗೇ ಹೋಗುತ್ತದೆ. ಕಾನೂನು ಜಾಗವನ್ನು ಕೊಡಿಸಬಲ್ಲದು; ಅಂದವನ್ನು ಕೊಡಿಸಲಾರದು.

ಇನ್ನೊಂದು ಕಾರಣ ಫ್ಲೆಕ್ಸ್. ರಾಜ್ಯ ಸರ್ಕಾರ 2016ರ ಮಾರ್ಚ್‌ನಲ್ಲಿ ಹೊರಡಿಸಿದ ಪ್ಲಾಸ್ಟಿಕ್ ನಿಷೇಧದ ಅಧಿಸೂಚನೆಯಲ್ಲಿ ಫ್ಲೆಕ್ಸ್, ಬ್ಯಾನರುಗಳೂ ಸೇರಿವೆ. 100 ಮೈಕ್ರಾನ್‌ಗಿಂತ ತೆಳುವಾದ ಪಿವಿಸಿ ಬ್ಯಾನರುಗಳನ್ನು 2022ರ ಜುಲೈ 1ರಿಂದ ಕೇಂದ್ರ ಸರ್ಕಾರವೂ ನಿಷೇಧಿಸಿದೆ. ಕಾಗದದ ಮೇಲಿನ ಈ ಆದೇಶ ರಸ್ತೆಗಿಳಿದರೆ ಬಟ್ಟೆಯ ಬ್ಯಾನರ್, ತಗಡಿನ ಫಲಕಗಳಿಗೆ ಮರಳುವುದು ಅನಿವಾರ್ಯ. ಆಗ ಕುಂಚ ಹಿಡಿಯಬಲ್ಲವರು ಉಳಿದಿರುತ್ತಾರೆಯೇ ಎಂಬುದು ಪ್ರಶ್ನೆ.

ಕೈಗೂ ಪಾಲು ಬೇಕು

ಉತ್ತರ ಭಾರತದಲ್ಲಿ ಇದಕ್ಕೊಂದು ಮಾದರಿ ಸಿಗುತ್ತದೆ. ಕಲಾವಿದ ಹನೀಫ್ ಕುರೇಶಿ ಅವರು ‘ಹ್ಯಾಂಡ್‌ಪೇಂಟೆಡ್ ಟೈಪ್’ ಎಂಬ ಯೋಜನೆಯ ಮೂಲಕ ಬೀದಿಯ ಫಲಕ ಬರಹಗಾರರ ಅಕ್ಷರಗಳನ್ನು ಗಣಕಕ್ಕೆ ತಂದರು. ಶೈಲಿಗಳಿಗೆ ಆಯಾ ಪೇಂಟರುಗಳ ಹೆಸರನ್ನೇ ಇಡಲಾಯಿತು. ಮಾರಾಟದ ಹಣದಲ್ಲಿ ಅವರಿಗೂ ಪಾಲು ಸಲ್ಲುವ ವ್ಯವಸ್ಥೆಯಾಯಿತು. ಕುರೇಶಿ 2024ರ ಸೆಪ್ಟೆಂಬರ್‌ನಲ್ಲಿ ನಿಧನರಾದರು. ಅವರು ಹಾಕಿಕೊಟ್ಟ ದಾರಿ ಮಾತ್ರ ಉಳಿದಿದೆ.

ಅಂಥದ್ದೊಂದು ಕೆಲಸ ಕನ್ನಡಕ್ಕೂ ಅಗತ್ಯ. ಅದಕ್ಕೆ ಬೇಕಾದ ಸಾಮಗ್ರಿ ಮೈಸೂರು ಸೀಮೆಯಲ್ಲೇ ಇದೆ. ಮೈಸೂರಿನಲ್ಲಿ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿ ಇದೆ, ಅಲ್ಲಿ ಕಲಿಯುವ ವಿದ್ಯಾರ್ಥಿಗಳಿದ್ದಾರೆ. ಸುತ್ತಲಿನ ಪಟ್ಟಣಗಳಲ್ಲಿ ಕುಂಚ ಕೆಳಗಿಟ್ಟು ಬೇರೆ ಕೆಲಸ ಹಿಡಿದಿರುವ, ಕರೆದರೆ ಬಂದು ಬರೆಯಬಲ್ಲ ಹಿರಿಯರಿದ್ದಾರೆ. ಅವರನ್ನು ಕೂರಿಸಿ ‘ಅ’ದಿಂದ ‘ಳ’ದವರೆಗೆ ಗುಣಿತ, ಒತ್ತುಗಳ ಸಮೇತ ಬರೆಸಿಕೊಂಡು, ಅವರ ಹೆಸರಿನಲ್ಲೇ ಅಕ್ಷರ ಶೈಲಿ ಹೊರತಂದು, ಬಂದ ಆದಾಯದಲ್ಲಿ ಪಾಲು ಕೊಡುವುದು ಆಗದ ಮಾತೇನಲ್ಲ. ಸರ್ಕಾರವೇ ಮಾಡಬೇಕೆಂದೂ ಇಲ್ಲ. ಒಂದು ಕಾಲೇಜು, ಒಂದು ಪ್ರಕಾಶನ ಮನಸ್ಸು ಮಾಡಿದರೆ ಸಾಕು.

ಹಾಗಾಗದಿದ್ದಲ್ಲಿ ನಡೆಯುವುದು ಇಷ್ಟೆ: ಕುಂಚ ಹಿಡಿದ ಕೈಗೆ ಕೆಲಸವಿರುವುದಿಲ್ಲ, ಕುಂಚದಂತೆ ಕಾಣುವ ಅಕ್ಷರಕ್ಕೆ ಮಾತ್ರ ಬೆಲೆಯಿರುತ್ತದೆ. ಹೆಮ್ಮರಗಾಲದ ದಾರಿಯಂಥ ಹಾದಿಗಳ ಗೋಡೆ ಬರಹಗಳು ಮಳೆಗಾಲದಿಂದ ಮಳೆಗಾಲಕ್ಕೆ ಇನ್ನಷ್ಟು ಮಾಸುತ್ತಿವೆ. ಅವು ಪೂರ್ತಿ ಅಳಿಯುವ ಮುನ್ನ ಒಂದು ಛಾಯಾಚಿತ್ರವನ್ನಾದರೂ ತೆಗೆದಿಟ್ಟುಕೊಳ್ಳುವುದು ಅಕ್ಷರಪ್ರಿಯರೆಲ್ಲರೂ ಮಾಡಬಹುದಾದ ಮೊದಲ ಕೆಲಸ.